ಅಮ್ಮನ ಅಳತೆಯ ಮಂಚ

ಕುರ್ಚಿಯನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸದೆ ನಂಜುಂಡಾಚಾರ್ರು ಎಲ್ಲಿಯೂ ಕೂತವರಲ್ಲ. ಮದುವೆಮನೆಯಾದರೂ ಅಷ್ಟೆ, ಬೀಗರ ಮನೆಯಾದರೂ ಅಷ್ಟೆ. ಕಿರ್ರೆಂದರೆ ಗೋಡೆಗೊರಗಿ ನಿಂತೇ ಕಾಫಿ ಕುಡಿದು ಹೊರಡುತ್ತಿದ್ದರು. ನಾಯಂಡಹಳ್ಳಿಯ ಸಾಮಿಲ್ಲಿನ ಹಿಂದೆ, ತಗಡಿನ ಶೆಡ್ಡಿನಲ್ಲಿ ಅವರ ಮರಗೆಲಸ. ಮೈಸೂರು ರಸ್ತೆಯಲ್ಲಿ ಇನ್ನೂ ಮೆಟ್ರೋ ಕಂಬಗಳು ಎದ್ದಿರದ ಕಾಲ ಅದು.

ನಾನು ಅವರ ಬಳಿ ಹೋದದ್ದು ಅವಮಾನ ಹೊತ್ತುಕೊಂಡು. ವಿಜಯನಗರದಲ್ಲಿ ನಮ್ಮದು ಎರಡನೇ ಮಹಡಿಯ ಬಾಡಿಗೆ ಮನೆ. ಮಂಡಿನೋವಿನ ಅಮ್ಮ ನೆಲದ ಹಾಸಿಗೆಯಿಂದ ಏಳಬೇಕಾದರೆ ನಾನು ಕೈ ಕೊಡಬೇಕಿತ್ತು. ನನ್ನನ್ನು ಎಬ್ಬಿಸಲು ಸಂಕೋಚಪಟ್ಟು, ಎಚ್ಚರವಾದರೂ ಸುಮ್ಮನೆ ಮಲಗಿರುತ್ತಿದ್ದಳು. ಅಂಗಡಿಯಿಂದ ತರಿಸಿದ ಮಂಚ ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಕೊಂಡು ವಾಪಸ್ ಹೋಯಿತು. ಬಿಡಿಬಿಡಿಯಾಗಿ ಸಾಗಿಸಿ ಮೇಲೆಯೇ ಜೋಡಿಸುವಂಥದ್ದನ್ನು ನಾನೇ ಮಾಡುತ್ತೇನೆಂದು ಹೊರಟೆ. ಔಷಧಿ ಅಂಗಡಿಯಲ್ಲಿ ಬಿಲ್ ಬರೆಯುವವನಿಗೆ ಈ ಉಸಾಬರಿ ಯಾಕೆ ಬೇಕಿತ್ತೋ. ಮೊಳೆ ಹೊಡೆದು ನಿಲ್ಲಿಸಿದ ನನ್ನ ಮಂಚ, ನಾನು ಕೂತ ಕೂಡಲೇ ಒಂದು ಪಕ್ಕಕ್ಕೆ ವಾಲಿ ಮಲಗಿಬಿಟ್ಟಿತು.

ಕಥೆ ಕೇಳಿದ ಆಚಾರ್ರು ನಗಲಿಲ್ಲ. ಯಾವ ಮರ ಎಂದೂ ಕೇಳಲಿಲ್ಲ. ಒಂದು ದಾರ ಕೊಟ್ಟು, ಅಮ್ಮನ ಹಿಮ್ಮಡಿಯಿಂದ ಮಂಡಿ ಮಡಚುವ ಜಾಗದವರೆಗೆ ಅಳೆದು ಗಂಟು ಹಾಕಿಕೊಂಡು ಬರಲು ಹೇಳಿದರು. ಹಾಸಿಗೆ ಹಾಕಿ ಕೂತಾಗ ಪಾದ ಪೂರ್ತಿ ನೆಲಕ್ಕೆ ಊರಬೇಕು, ಮಿಕ್ಕ ಅಳತೆಯೆಲ್ಲ ಆಮೇಲೆ ಎಂಬುದು ಅವರ ವಾದ. ದಾರ ಹಿಡಿದು ಕಾಲ ಬಳಿ ಕೂತ ನನ್ನನ್ನು ನೋಡಿ ಅಮ್ಮ, "ಆಚಾರ್ರ ಹತ್ರ ಹೋಗಿದ್ಯೋ, ಟೈಲರ್ ಹತ್ರ ಹೋಗಿದ್ಯೋ?" ಎಂದಳು.

ನೀವೇ ಮಾಡಿಕೊಡಿ ಎಂದರೆ ಅವರು ಒಪ್ಪಲಿಲ್ಲ. ಹೇಳಿಕೊಡುತ್ತೇನೆ, ಕೈ ನಿಮ್ಮದೇ ಇರಲಿ ಎಂದರು. ಭಾನುವಾರಗಳೆಲ್ಲ ಶೆಡ್ಡಿನಲ್ಲೇ ಕಳೆದವು. ಅಡ್ಡಪಟ್ಟಿಯ ತುದಿಯನ್ನು ನಾಲಿಗೆಯಂತೆ ಕೊಯ್ಯುವುದು, ಅದು ಕೂರುವಂತೆ ಮಂಚದ ಕಾಲಿಗೆ ಉಳಿಯಿಂದ ತೂತು ಹೊಡೆಯುವುದು, ಇಷ್ಟೇ ಕೆಲಸ. ಒಂಚೂರು ಸಡಿಲವಾದರೂ ಅವರ ಮುಖ ಸಣ್ಣಗಾಗುತ್ತಿತ್ತು. "ಉಂಗುರ ಹಾಕ್ದಂಗಿರ್ಬೇಕು ಸಾರ್, ಬಳೆ ಹಾಕ್ದಂಗಲ್ಲ" ಎನ್ನುತ್ತಿದ್ದರು.

ಒಂದು ಕಾಲಿಗೆ ನಾನು ಅಕ್ಕಪಕ್ಕದ ಎರಡು ಮಗ್ಗುಲಿನಿಂದಲೂ ಒಂದೇ ಎತ್ತರದಲ್ಲಿ, ಬಹಳ ಅಚ್ಚುಕಟ್ಟಾಗಿ ತೂತು ಹೊಡೆದೆ. ಹೆಮ್ಮೆಯಿಂದ ತೋರಿಸಿದೆ. ಅವರು ಒಂದರೊಳಗೆ ಕಡ್ಡಿ ತೂರಿಸಿ, ಇನ್ನೊಂದರಲ್ಲಿ ಇಣುಕಿ ನೋಡಲು ಹೇಳಿದರು. ಕಡ್ಡಿ ಕಾಣಿಸಿತು. ಎರಡೂ ತೂತು ನಡುವೆ ಸೇರಿಕೊಂಡು ಕಾಲು ಟೊಳ್ಳಾಗಿತ್ತು.

"ನೋಡೋಕೆ ಚೆನ್ನಾಗಿದೆ. ಆದ್ರೆ ಭಾರ ಹೊರೋದು ಮರ ಸಾರ್, ತೂತಲ್ಲ. ಒಂದು ಮೇಲೆ, ಒಂದು ಕೆಳಗೆ ಹೊಡೀರಿ. ಮಧ್ಯ ಮರ ಉಳ್ಕೊಳ್ಳಲಿ."

ಕೆಟ್ಟ ಕಾಲನ್ನು ಎಸೆಯಲು ಬಿಡದೆ, ಅದನ್ನೇ ಸೀಳಿ ಬೆಣೆ ಮಾಡಿಸಿದರು. ಅಂಟು ಹಾಕೋಣವೇ ಎಂದಾಗ ಮಾತ್ರ ಜೋರಾಗಿ ನಕ್ಕರು. ಬಾಡಿಗೆ ಮನೆಯವರು ಮಂಚಕ್ಕೆ ಅಂಟು ಹಾಕುತ್ತಾರೆಯೇ? ಕಾಲಿನಿಂದ ಆಚೆ ಬಂದ ನಾಲಿಗೆಗೆ ಬೆಣೆ ಬಡಿದರೆ ಬಿಗಿಯಾಗುತ್ತದೆ, ಮನೆ ಬದಲಿಸುವಾಗ ತಟ್ಟಿ ತೆಗೆದರೆ ಬಿಚ್ಚಿಕೊಳ್ಳುತ್ತದೆ.

ಮಂಚ ಜೋಡಿಸಿದ ಸಂಜೆ ಆಚಾರ್ರು ಬಸ್ಸಿನಲ್ಲಿ ಬಂದು, ಏದುಸಿರು ಬಿಡುತ್ತಾ ಎರಡು ಮಹಡಿ ಹತ್ತಿದರು. ಅಮ್ಮ ಕೂತಳು. ಏಳುವಾಗ ಅಭ್ಯಾಸದಂತೆ ನನ್ನತ್ತ ಕೈ ಚಾಚಿದಳು. ನಾನು ಮುಂದೆ ಹೋದರೆ ಆಚಾರ್ರು ನನ್ನ ತೋಳು ಹಿಡಿದು ನಿಲ್ಲಿಸಿದರು.

"ಎರಡೂ ಕೈ ಪಟ್ಟಿ ಮೇಲೆ ಊರಿ ಅಮ್ಮಾ. ಅದು ತಡ್ಕೊಳ್ಳುತ್ತೆ."

ಅಮ್ಮ ಎದ್ದು ನಿಂತಳು. ಆಚಾರ್ರು ಮಂಚವನ್ನು ನೋಡಲೇ ಇಲ್ಲ, ಅವಳು ಅಡುಗೆಮನೆಗೆ ನಡೆದುಹೋಗುವುದನ್ನೇ ನೋಡುತ್ತಿದ್ದರು.

ನಾನು ಅವರನ್ನು ನೋಡಿದ್ದು ಅದೇ ಕೊನೆ. ಶೆಡ್ಡು ಮುಚ್ಚಿ ಕೆಂಗೇರಿಯ ಮಗಳ ಮನೆಗೆ ಹೋದರು. ಇವತ್ತು ಹೋಗೋಣ, ನಾಳೆ ಹೋಗೋಣ ಎಂದುಕೊಳ್ಳುವಷ್ಟರಲ್ಲಿ ತೀರಿಕೊಂಡ ಸುದ್ದಿ ಬಂತು. ನನ್ನ ಸೋಮಾರಿತನವನ್ನು ಎಷ್ಟು ಬೈದುಕೊಂಡರೂ ಸಾಲದು. ಅವರಿಗೆ ಹೇಳಬೇಕಾಗಿದ್ದದ್ದು ಒಂದೇ ಮಾತು. ಮಂಚ ಜೋಡಿಸಿದ ಮಾರನೆಯ ಬೆಳಿಗ್ಗೆ ನಾನು ಎದ್ದಾಗ ಅಮ್ಮನ ಕಾಫಿ ಆಗಲೇ ಮುಗಿದಿತ್ತು, ನನ್ನದನ್ನು ಮುಚ್ಚಿಟ್ಟಿದ್ದಳು.