ನನಗಿಂತ ಮೊದಲು ಬಂದು ಹೋದವನು

ದೆವ್ವ, ಗಾಳಿ, ಮಾಟ ಇವನ್ನೆಲ್ಲ ನಾನು ಯಾವತ್ತೂ ನಂಬಿದವನಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ, ಸರ್ವೆಯರ ಕೈಕೆಳಗೆ ಅಳತೆಯ ಸರಪಳಿ ಹಿಡಿಯುವ ಕೆಲಸಕ್ಕೆ ಸೇರಿದವನು ನಾನು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅರಸೀಕೆರೆ, ಬೇಲೂರು ತಾಲ್ಲೂಕುಗಳ ಹೊಲ, ಗುಂಡುತೋಪು, ಸ್ಮಶಾನ, ಪಾಳು ಗುಡಿಯ ಹಿತ್ತಲು ಎಲ್ಲ ಕಡೆ ಆ ಸರಪಳಿ ಎಳೆದುಕೊಂಡು ತಿರುಗಿದ್ದೇನೆ. ಯಾರಾದರೂ ಒಂದು ಹುಣಸೆಮರ ತೋರಿಸಿ, ಅಲ್ಲಿ ಒಬ್ಬಳು ಕೂತಿರುತ್ತಾಳೆ ಎಂದರೆ, "ಅವಳ ಪಹಣಿ ತಗೊಂಬರೋಕೆ ಹೇಳ್ರೀ, ಅಳೆದು ಕೊಡೋಣ" ಎಂದು ನಗುತ್ತಿದ್ದೆ.

ಈಗ ಬರೆಯುತ್ತಿರುವುದು ಐದಾರು ವರ್ಷದ ಹಿಂದೆ, ಹಾಡಹಗಲಿನಲ್ಲಿ ನಡೆದದ್ದು. ನೀವು ನಂಬಲೇಬೇಕೆಂದು ನಾನು ಹೇಳುವುದಿಲ್ಲ. ಆದರೆ ಇದನ್ನು ಹೇಳಬೇಕಾದರೆ ನಾನು ಮಾಡಿದ ಒಂದು ತಪ್ಪನ್ನು ಮೊದಲು ಹೇಳಬೇಕು. ಅದನ್ನು ಮುಚ್ಚಿಟ್ಟು ಬರೀ ವಿಚಿತ್ರವನ್ನಷ್ಟೇ ಹೇಳಲು ಎರಡು ಸಲ ಕೂತೆ. ಎರಡು ಸಲವೂ ಹಾಳೆ ಹರಿದು ಹಾಕಿದೆ.

ಆ ತಪ್ಪು ಮಾಡಿದಾಗ ನನಗೆ ಇಪ್ಪತ್ತಾರು ವರ್ಷ. ಹಳೇಬೀಡಿನ ಕೆರೆಯಂಚಿನಲ್ಲಿ ಪದ್ಮಾವತಮ್ಮ ಎಂಬ ಜೈನರ ಹೆಣ್ಣುಮಗಳ ಗದ್ದೆ ಇತ್ತು. ಗಂಡ ತೀರಿಹೋಗಿ ಒಂದು ವರ್ಷವಾಗಿತ್ತು, ಕೈಯಲ್ಲಿ ಸಣ್ಣ ಮಗ. ಗದ್ದೆ ಎಲ್ಲಿಗೆ ಮುಗಿದು ಕೆರೆ ಎಲ್ಲಿಂದ ಶುರುವಾಗುತ್ತದೆ ಎಂದು ಗುರುತಿಸುವ ಬಾಂದುಕಲ್ಲು ಹಳೆಯ ನಕ್ಷೆಯಲ್ಲಿತ್ತು. ನಾವು ಅಳತೆಗೆ ಹೋದ ದಿನ ಕೆರೆ ತುಂಬಿತ್ತು, ಕಲ್ಲು ನೀರಿನೊಳಗಿತ್ತು. ಸರಪಳಿಯ ತುದಿ ಹಿಡಿದು ನೀರಿಗಿಳಿದು, ಕಾಲಿನಿಂದ ತಡವಿ ಕಲ್ಲನ್ನು ಹುಡುಕುವುದು ನನ್ನ ಕೆಲಸ. ಮೊಣಕಾಲುದ್ದ ಇಳಿದೆ. ಕೆಳಗೆ ಬರೀ ಕೆಸರು, ಕಾಲಿಗೆ ಜಿಗಣೆ ಹತ್ತಿದವು. ನನಗೆ ಈಜು ಬರುತ್ತಿರಲಿಲ್ಲ. ಮುಂದಕ್ಕೆ ಹೋಗಲು ಧೈರ್ಯ ಸಾಲದೆ ಹಿಂದಕ್ಕೆ ಬಂದು, ನೀರಿನಂಚಿನಲ್ಲೇ ನಿಂತೆ.

ದಿಬ್ಬದ ಮೇಲಿಂದ ಸರ್ವೆಯರು ಕೂಗಿದರು. "ಕಲ್ಲು ಸಿಕ್ತೇನ್ಲಾ?"

"ಸಿಕ್ತು ಸಾರ್" ಎಂದೆ.

ಇಷ್ಟೇ ನಾನು ಮಾಡಿದ್ದು. ಯಾರೂ ನನಗೆ ಕಲಿಸಿಕೊಟ್ಟದ್ದಲ್ಲ, ಯಾರೂ ನನಗೇನೂ ಕೊಡಲಿಲ್ಲ. ಜಿಗಣೆಗೆ ಹೆದರಿ ಹೇಳಿದ ಸುಳ್ಳು ಅದು. ನಾನು ನಿಂತ ಜಾಗವೇ ಗಡಿ ಎಂದು ನಕ್ಷೆಯಲ್ಲಿ ಬಿತ್ತು. ಆಚೆಗಿದ್ದ, ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಆಕೆ ಭತ್ತ ಬೆಳೆಯುತ್ತಿದ್ದ ಒಂದೂವರೆ ಎಕರೆ ಕೆರೆಗೆ ಸೇರಿಹೋಯಿತು. ಮಹಜರಿನ ದಿನ ಪದ್ಮಾವತಮ್ಮ ನನ್ನ ಮೇಲೆ ಕೂಗಾಡಿದರು. "ನಮ್ಮ ಯಜಮಾನ್ರು ಆ ಕಲ್ಲಿನ ಮೇಲೆ ಕೂತು ಬುತ್ತಿ ಉಣ್ತಿದ್ರು ಕಣಯ್ಯ, ಅದು ಇಲ್ಲಿ ಹೆಂಗಿರತ್ತೆ?" ಎಂದರು. ನಾನು ತಲೆ ತಗ್ಗಿಸಿ, ನನ್ನ ಕಾಲಿಗೆ ಕಲ್ಲು ತಾಕಿದ್ದು ಇಲ್ಲಿಯೇ ಎಂದು ಎರಡನೆಯ ಸಲ ಹೇಳಿ ಸಹಿ ಹಾಕಿದೆ. ಆಕೆ ಬಹಳ ಹೊತ್ತು ನನ್ನ ಮುಖ ನೋಡಿದರು. ಆಮೇಲೆ ಸಣ್ಣ ದನಿಯಲ್ಲಿ, "ನೀನೇ ಕಣ್ಣಾರೆ ಕಂಡಿದ್ರೆ ಸರಿ ಬಿಡಪ್ಪ" ಎಂದು ಮನೆಗೆ ಹೋದರು.

ಆಕೆ ನನ್ನ ಮಾತನ್ನು ನಂಬಿದ್ದರು. ಅದು ನನಗೆ ತಿಳಿದದ್ದು ನಲವತ್ತು ವರ್ಷದ ಮೇಲೆ, ಫೋನಿನಲ್ಲಿ.

ಫೋನು ಮಾಡಿದ್ದು ಅವರ ಸೊಸೆ ಸುಜಾತ. ಪದ್ಮಾವತಮ್ಮನವರಿಗೆ ಆಗ ಎಂಬತ್ತು ದಾಟಿತ್ತು. ಕಾಯಿಲೆ ಗುಣವಾಗುವುದಿಲ್ಲ ಎಂದು ಗೊತ್ತಾದ ಮೇಲೆ ಅವರು ಸಲ್ಲೇಖನ ತೆಗೆದುಕೊಂಡಿದ್ದರು; ಅಂದರೆ ಅನ್ನ, ಆಮೇಲೆ ನೀರು ಎಂದು ಒಂದೊಂದನ್ನೇ ಬಿಡುತ್ತ ದೇಹ ಬಿಡುವ ವ್ರತ. ಅದಕ್ಕೆ ಮೊದಲು ಪರಿಚಯದವರೆಲ್ಲರ ಕ್ಷಮೆ ಕೇಳುವುದು ಅವರ ಸಂಪ್ರದಾಯ. "ಅಮ್ಮ ನಿಮ್ಮ ಹೆಸರೂ ಹೇಳಿದ್ರು. ಅಳತೆ ದಿನ ನಿಮ್ಮ ಮೇಲೆ ಕೂಗಾಡಿದ್ದಕ್ಕೆ ಕ್ಷಮಿಸಬೇಕಂತೆ. 'ನಮ್ಮ ಯಜಮಾನ್ರು ಕೆರೆ ಜಾಗ ಕದ್ದು ಉಂಡಿದ್ರು, ನನಗೆ ಗೊತ್ತಿರಲಿಲ್ಲ' ಅಂತ ಹೇಳು ಅಂದ್ರು" ಎಂದಳು ಆ ಹುಡುಗಿ. ಆಮೇಲೆ, "ನಾಳೆ ಹೊತ್ತು ಮುಳುಗಿದ ಮೇಲೆ ಅಮ್ಮ ಮೌನ ತಗೋತಾರೆ. ಆಮೇಲೆ ಮಾತಾಡೋದಿಲ್ಲ, ಲೋಕದ ಮಾತು ಕೇಳೋದೂ ಇಲ್ಲ" ಎಂದು ಸೇರಿಸಿದಳು.

ನಲವತ್ತು ವರ್ಷ ಆ ತಾಯಿ ತನ್ನ ಗಂಡನನ್ನು ಕಳ್ಳ ಎಂದುಕೊಂಡು ಬದುಕಿದ್ದರು. ಇರುವೆಯನ್ನೂ ನೋಡಿ ಕಾಲಿಡುವ ಜನ, ಕೊಡದೆ ಇದ್ದದ್ದನ್ನು ಮುಟ್ಟುವುದೂ ಪಾಪ ಎನ್ನುವ ಜನ. ನಾಳೆ ಸಂಜೆಯೊಳಗೆ ನಾನು ಹೋಗಿ ನಿಜ ಹೇಳದಿದ್ದರೆ ಅದೇ ನಂಬಿಕೆಯಲ್ಲಿ ಕಣ್ಣು ಮುಚ್ಚುತ್ತಿದ್ದರು. ಫೋನಿನಲ್ಲೇ ಹೇಳಬಹುದಿತ್ತು ಎಂದು ನೀವು ಕೇಳಬಹುದು. ಹೇಳಲು ಬಾಯಿ ತೆರೆದೆ. "ಬರ್ತೀನಿ ಅಂತ ಹೇಳಮ್ಮ" ಎಂಬುದಷ್ಟೇ ಹೊರಟಿತು.

ಮರುದಿನ ಬಸ್ಸುಗಳ ಮುಷ್ಕರ. ಟೆಂಪೋಗಳೂ ನಿಂತಿದ್ದವು. ಪಕ್ಕದ ಮನೆಯವರ ಬೈಕಿನಲ್ಲಿ ಕರೆದುಕೊಂಡು ಹೋಗಿ ಎನ್ನಬಹುದಿತ್ತು. ಯಾಕೆ ಎಂದು ಕೇಳಿದರೆ ಹೇಳಬೇಕಾಗುತ್ತಿತ್ತು. ನನ್ನ ಸೈಕಲ್ ತೆಗೆದೆ. ಕೆಲಸದಲ್ಲಿದ್ದಷ್ಟು ದಿನ ಸೈಕಲ್ಲಿನಲ್ಲೇ ಊರೂರು ತಿರುಗಿದವನು ನಾನು. ಆದರೂ ಅರವತ್ತಾರನೆಯ ವಯಸ್ಸಿನಲ್ಲಿ ಅರಸೀಕೆರೆಯಿಂದ ಹಳೇಬೀಡು ಸುಲಭದ ಮಾತಲ್ಲ.

"ಮಂಡಿ ನೋವು ಅಂತ ನೆನ್ನೆ ನನ್ನ ಕೈಲಿ ಎಣ್ಣೆ ತಿಕ್ಕಿಸ್ಕೊಂಡೋರು ಯಾರು?" ಎಂದಳು ನನ್ನ ಹೆಂಡತಿ. "ಹಳೇಬೀಡು ಎಲ್ಲಿಗಾದ್ರೂ ಎದ್ದು ಹೋಗತ್ತಾ? ನಾಡಿದ್ದು ಬಸ್ಸಿಗೆ ಹೋಗಿ." ನಾನು ಚಕ್ರಕ್ಕೆ ಗಾಳಿ ಹೊಡೆಯತೊಡಗಿದೆ. ಅವಳಿಗೂ ನಾನು ಈ ವಿಷಯ ಹೇಳಿರಲಿಲ್ಲ.

ಬೆಳಿಗ್ಗೆ ಏಳಕ್ಕೆ ಬಿಟ್ಟೆ. ಹಾರನಹಳ್ಳಿಯ ತನಕ ಚೆನ್ನಾಗಿಯೇ ತುಳಿದೆ. ಅಲ್ಲಿ ಒಂದು ಲೋಟ ಟೀ ಕುಡಿದು ಒಳರಸ್ತೆ ಹಿಡಿದೆ. ಏರಿನಲ್ಲಿ ಇಳಿದು ತಳ್ಳುವುದು, ಇಳಿಜಾರಿನಲ್ಲಿ ಹತ್ತುವುದು. ಬಿಸಿಲು ಏರಿತು. ರಾಗಿ ಕೊಯ್ದ ಹೊಲಗಳಲ್ಲಿ ಯಾರೂ ಇರಲಿಲ್ಲ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡುತ್ತಿದ್ದೆ. ಅಮ್ಮಾ, ಕಲ್ಲು ನನಗೆ ಸಿಗಲೇ ಇಲ್ಲ. ನಿಮ್ಮ ಯಜಮಾನರು ಯಾರದ್ದೂ ಉಣ್ಣಲಿಲ್ಲ. ಅಷ್ಟು ಹೇಳಿದರೆ ಸಾಕಿತ್ತು.

ಹುಲಿಕೆರೆಯ ಹತ್ತಿರ ಹಿಂದಿನ ಚಕ್ರ ಪಂಕ್ಚರ್ ಆಯಿತು. ಅಲ್ಲೊಂದು ಅಂಗಡಿ ಇತ್ತು, ಆದರೆ ಅಂಗಡಿಯವನು ಊಟಕ್ಕೆ ಹೋಗಿದ್ದ. ಅವನು ಬಂದು, ಟ್ಯೂಬ್ ಬಿಚ್ಚಿ, ಎರಡು ಕಡೆ ತೂತು ತೋರಿಸಿ, ನಿಧಾನಕ್ಕೆ ಉಜ್ಜತೊಡಗಿದ. ನಾನು ನಿಮಿಷಕ್ಕೊಮ್ಮೆ ಗಂಟೆ ಎಷ್ಟಾಯಿತು ಎಂದು ಕೇಳುತ್ತಿದ್ದೆ.

"ಯಾಕೆ ಯಜಮಾನ್ರೆ, ಹೆಣ್ಣು ನೋಡೋಕೆ ಹೊಂಟಿದೀರಾ?" ಎಂದ ಅವನು. "ಒಂದು ಗಂಟೆ ಆಗೈತೆ. ಇನ್ನ ಮೂರು ಕಿಲೋಮೀಟ್ರು ಐತೆ ಅಷ್ಟೆ. ತೆವಳ್ಕೊಂಡು ಹೋದ್ರೂ ಸಂಜೆ ಒಳಗೆ ಸೇರ್ತೀರಾ."

ಒಂದೂವರೆಗೆ ಅಲ್ಲಿಂದ ಹೊರಟೆ. ಈ ಗಂಟೆಗಳನ್ನು ನೆನಪಿಟ್ಟುಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ.

ಪದ್ಮಾವತಮ್ಮನವರ ಮನೆಗೆ ಕೆರೆಯ ಅಂಚಿನ ದಾರಿ ಹತ್ತಿರ. ನೀರನ್ನು ಎಡಕ್ಕಿಟ್ಟುಕೊಂಡು ಹೋದರೆ ಕಾಲು ಗಂಟೆಯ ಹಾದಿ, ದಾರಿ ತಪ್ಪಲು ಅಲ್ಲಿ ಇನ್ನೊಂದು ದಾರಿಯೇ ಇಲ್ಲ. ಆ ಕೆರೆಯ ಸುತ್ತಳತೆಯನ್ನು ನನ್ನ ಕೈಯಾರೆ ಅಳೆದವನು ನಾನು. ದಾರಿಗಿಳಿದಾಗಲೇ ದೂರದಲ್ಲಿ ಅವರ ಮನೆಯ ಹೆಂಚು, ಮುಂದಿನ ಎರಡು ತೆಂಗಿನಮರ ಕಂಡವು. ಕಂಡ ಮೇಲೆ ಜೀವ ಬಂದಂತಾಗಿ ಜೋರಾಗಿ ತುಳಿದೆ.

ತುಳಿದೆ, ತುಳಿದೆ. ಎಡಗಡೆ ನೀರು, ಜೊಂಡು, ಮತ್ತೆ ನೀರು. ಮನೆಯ ಹೆಂಚು ಎಷ್ಟು ದೂರದಲ್ಲಿತ್ತೋ ಅಷ್ಟೇ ದೂರದಲ್ಲಿತ್ತು. ಮೊದಲು ನಾನು ಸುಸ್ತಾಗಿದ್ದೇನೆ, ಅದಕ್ಕೇ ಹೀಗೆ ಎಂದುಕೊಂಡೆ. ಚಕ್ರ ತಿರುಗುತ್ತಿದೆಯೇ ಎಂದು ಬಗ್ಗಿ ನೋಡಿದೆ, ತಿರುಗುತ್ತಿತ್ತು. ಕೆಳಗಿನ ಕಲ್ಲು, ಸಗಣಿ, ಹುಲ್ಲು ಹಿಂದಕ್ಕೆ ಹೋಗುತ್ತಿದ್ದವು. ಇಳಿದು ತಳ್ಳಿದೆ. ಸೂರ್ಯ ನೆತ್ತಿಯಿಂದ ಇಳಿದು ನೀರಿನ ಮೇಲೆ ಬಂದ. ನನ್ನ ನೆರಳು ಬಲಗಡೆಗೆ ಉದ್ದವಾಯಿತು. ಒಬ್ಬ ಮನುಷ್ಯನಾಗಲಿ, ಒಂದು ದನವಾಗಲಿ ಎದುರಿಗೆ ಬರಲಿಲ್ಲ. ಹಿಂದಕ್ಕೆ ತಿರುಗಿ ಹೋಗಿ ದೊಡ್ಡ ರಸ್ತೆ ಹಿಡಿಯೋಣವೆಂದು ನೋಡಿದರೆ ಹಿಂದೆಯೂ ಅಷ್ಟೇ ದೂರ ನೀರಿನಂಚು.

ಜೋರಾಗಿ ಕೂಗಿದೆ. ನೀವು ನಗಬಹುದು, ಅರವತ್ತಾರರ ಮುದುಕ ಕೆರೆಯ ಅಂಚಿನಲ್ಲಿ ನಿಂತು, "ಯಾರಾದ್ರೂ ಇದೀರಾ?" ಎಂದು ಕೂಗಿದೆ. ಯಾರಿಗೆ ಹೇಳಬೇಕೆಂದು ತಿಳಿಯದೆ, ಇವತ್ತೊಂದು ದಿನ ಬಿಟ್ಟುಬಿಡಿ, ನಾಳೆ ಏನು ಬೇಕಾದರೂ ಮಾಡಿ ಎಂದು ನೀರಿಗೇ ಕೈ ಮುಗಿದೆ. ಕೊನೆಗೆ ಕಾಲು ಸೋತವು. ಸೈಕಲ್ ಬಿಟ್ಟು ನೆಲದ ಮೇಲೆ ಕೂತು, ಮುಖ ಮುಚ್ಚಿಕೊಂಡು ಅತ್ತೆ. ಎಷ್ಟು ಹೊತ್ತೋ ಗೊತ್ತಿಲ್ಲ. ಎದ್ದು ನೋಡಿದರೆ ತೆಂಗಿನಮರ ಐವತ್ತು ಹೆಜ್ಜೆ ಆಚೆಗಿದ್ದವು. ಕರು ಕಟ್ಟಿದ ಗೂಟ, ಒಣಗಲು ಹಾಕಿದ್ದ ಬಿಳಿ ಸೀರೆ, ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು. ಸೂರ್ಯ ಇನ್ನೂ ಮುಳುಗಿರಲಿಲ್ಲ. ಸೈಕಲ್ಲನ್ನು ಅಲ್ಲೇ ಬಿಟ್ಟು ಓಡಿದೆ.

ಬಾಗಿಲಲ್ಲಿ ನಿಂತಿದ್ದ ಹೆಣ್ಣುಮಗಳು ನನ್ನನ್ನು ನೋಡಿ, "ಇದೇನ್ರೀ, ಮತ್ತೆ ಬಂದ್ರಿ? ಏನಾದ್ರೂ ಮರೆತು ಹೋದ್ರಾ?" ಎಂದಳು. ದನಿಯಿಂದ ಸುಜಾತ ಎಂದು ತಿಳಿಯಿತು. ನಾನು ಅವಳನ್ನು ನೋಡುತ್ತಿದ್ದದ್ದು ಅದೇ ಮೊದಲು.

ನಾನು ಈಗ ತಾನೇ ಬರುತ್ತಿದ್ದೇನೆ ಎಂದೆ. ಅವಳು ಗಂಡನ ಮುಖ ನೋಡಿದಳು. ಪದ್ಮಾವತಮ್ಮನವರ ಮಗ ಎದ್ದು ಬಂದು ನನ್ನ ಕೈ ಹಿಡಿದು ಕೂರಿಸಿದ. "ಒಂದು ಗಂಟೆಗೆ ಬಂದಿದ್ರಲ್ಲ" ಎಂದ. "ನಿಮ್ಮ ಸೈಕಲ್ಲನ್ನ ನಾನೇ ನೆರಳಿಗೆ ತಳ್ಳಿ ನಿಲ್ಲಿಸಿದೆ. ಬಿಸಿಲಿಗೆ ತಲೆ ಸುತ್ತಿರಬೇಕು. ಆಗಲೂ ನೀರು ಕುಡೀದೆ ಹೋದ್ರಿ."

ಅವರು ಹೇಳಿದ್ದು ಇಷ್ಟು. ಒಂದು ಗಂಟೆಗೆ ನಾನು ಬಂದೆ. ಇದೇ ಅಂಗಿ, ಇದೇ ಪಂಚೆ. ಅಳತೆಯವನು ಬಂದಿದ್ದೇನೆ ಎಂದು ಹೇಳಿದೆ. ಪದ್ಮಾವತಮ್ಮ ಎಲ್ಲರನ್ನೂ ಹೊರಗೆ ಕಳಿಸಿ ನನ್ನನ್ನು ಹತ್ತಿರ ಕೂರಿಸಿಕೊಂಡರು. ಕಾಲು ಗಂಟೆ ಒಳಗಿದ್ದೆ. ಹೊರಗೆ ಬಂದು ನಲ್ಲಿಯಲ್ಲಿ ಮುಖ ತೊಳೆದು, ಯಾರ ಜೊತೆಯೂ ಮಾತಾಡದೆ ಹೊರಟುಹೋದೆ. ಸೊಸೆ ಒಳಗೆ ಹೋದಾಗ ಪದ್ಮಾವತಮ್ಮ, "ಇನ್ನೇನೂ ಉಳಿದಿಲ್ಲ ಕಣೇ. ಅವನೊಬ್ಬನಿಗೋಸ್ಕರ ಕಾಯ್ತಿದ್ದೆ" ಎಂದರಂತೆ. ಸಂಜೆಯ ತನಕ ಕಾಯುವುದು ಬೇಡವೆಂದು ಆಗಲೇ ಮೌನ ತೆಗೆದುಕೊಂಡರಂತೆ.

ನಾನು ಹೊಸ್ತಿಲ ತನಕ ಹೋದೆ. ಚಾಪೆಯ ಮೇಲೆ ಮಲಗಿದ್ದರು, ಸುತ್ತ ನಾಲ್ಕೈದು ಹೆಂಗಸರು ಮೆಲ್ಲಗೆ ಮಂತ್ರ ಹೇಳುತ್ತಿದ್ದರು. "ಅಮ್ಮಾ, ಆ ಕಲ್ಲು" ಎಂದೆ. ಮಗ ನನ್ನ ಭುಜದ ಮೇಲೆ ಕೈಯಿಟ್ಟ. ಈಗ ಅವರ ಕಿವಿಗೆ ಹೊಲ ಮನೆಯ ಮಾತು ಬೀಳಬಾರದು, ಅವರ ವ್ರತ ಕೆಡುತ್ತದೆ ಎಂದ. ಅವರ ವ್ರತವನ್ನೂ ಕೆಡಿಸಿದವನಾಗಲು ನನ್ನಿಂದ ಆಗಲಿಲ್ಲ. ಪದ್ಮಾವತಮ್ಮ ಕಣ್ಣು ತೆರೆದು ನನ್ನ ಕಡೆ ನೋಡಿದರು. ಗುರುತಿನವನನ್ನು ನೋಡಿದ ಹಾಗಿತ್ತೋ, ಯಾರೋ ಅಪರಿಚಿತನನ್ನು ನೋಡಿದ ಹಾಗಿತ್ತೋ, ಇವತ್ತಿಗೂ ಹೇಳಲಾರೆ. ಆಮೇಲೆ ಕಣ್ಣು ಮುಚ್ಚಿದರು. ಹೊತ್ತು ಮುಳುಗಿದ ಮೇಲೆ ಆ ಮನೆಯಲ್ಲಿ ಉಣ್ಣುವುದಿಲ್ಲವಾದ್ದರಿಂದ ಸುಜಾತ ಅವಸರದಲ್ಲಿ ನನಗೊಂದು ತಟ್ಟೆ ಬಡಿಸಿದಳು.

ಐದನೆಯ ದಿನ ಅವರು ತೀರಿಕೊಂಡರು.

ಬಿಸಿಲಿನಲ್ಲಿ ನೆನಪು ತಪ್ಪಿರಬೇಕು, ನೀವೇ ಹೋಗಿ ಬಂದು ಮರೆತಿದ್ದೀರಿ ಎಂದು ಡಾಕ್ಟರು ಹೇಳಿದರು. ನಾನೂ ಹಾಗೇ ನಂಬಲು ನೋಡಿದೆ. ಒಂದು ತಿಂಗಳ ಮೇಲೆ ಹುಲಿಕೆರೆಗೆ ಹೋಗಿ ಪಂಕ್ಚರ್ ಅಂಗಡಿಯವನನ್ನು ಕೇಳಿದೆ. "ಒಂದೂವರೆ ತಂಕ ಇದೇ ಕಲ್ಲಿನ ಮೇಲೆ ಕುಂತಿದ್ರಲ್ಲ ಯಜಮಾನ್ರೆ. ಟೈಮು ಕೇಳಿ ಕೇಳಿ ತಲೆ ತಿಂದಿದ್ದು ನಾನು ಮರೀತೀನಾ" ಎಂದ.

ಅಲ್ಲಿಂದ ಪದ್ಮಾವತಮ್ಮನವರ ಮನೆಗೆ ಹೋದೆ. ಕಲ್ಲಿನ ವಿಷಯವನ್ನು ಸುಜಾತ, ಅವಳ ಗಂಡ ಇಬ್ಬರಿಗೂ ಹೇಳಲು ಕೂತೆ. ಮಗ ಕೈಯೆತ್ತಿ ತಡೆದ. "ಏನೇ ಇದ್ದರೂ ಅಮ್ಮನ ಹತ್ರ ಹೇಳಿ ಮುಗಿಸಿದೀರಿ. ಅವರೇ ಬಾಗಿಲು ಹಾಕಿಸಿ ಕೇಳಿದ ಮಾತು, ನಮಗೆ ಬೇಡ" ಎಂದ. ಆದರೂ ನಾನು ಹೇಳಿದೆ. ನೆಲ ನೋಡುತ್ತ, ಜಿಗಣೆಯಿಂದ ಹಿಡಿದು ಸಹಿಯವರೆಗೆ ಪೂರ್ತಿ ಹೇಳಿದೆ. ಆಮೇಲೆ ಮಗ ಕೇಳಿದ್ದು ಒಂದೇ ಮಾತು. "ಅವತ್ತು ಅಮ್ಮನಿಗೂ ಇದನ್ನೇ ಹೇಳಿದ್ರಾ?"

ಆ ಮಧ್ಯಾಹ್ನ ಒಂದು ಗಂಟೆಗೆ ಅವರ ಪಕ್ಕದಲ್ಲಿ ಕೂತವನು ಯಾರು ಎಂಬುದು ನನ್ನನ್ನು ಅಷ್ಟಾಗಿ ಕಾಡುವುದಿಲ್ಲ. ಅವನು ಏನು ಹೇಳಿದ ಎಂಬುದೇ ಕಾಡುತ್ತದೆ. ಬೇರೆ ಯಾರಾದರೂ ಆಗಿದ್ದರೆ ನಿಜವನ್ನೇ ಹೇಳಿರಬಹುದು. ಪದ್ಮಾವತಮ್ಮ ಗಂಡನ ಮೇಲಿನ ಆ ಕಳಂಕ ತೊಳೆದುಕೊಂಡು ಹೋಗಿರಬಹುದು. ಆದರೆ ಆ ಮನೆಯವರೆಲ್ಲ ಅವನು ನಾನೇ ಎನ್ನುತ್ತಾರೆ. ನಾನೇ ಆಗಿದ್ದರೆ, ಸಾಯುತ್ತಿರುವ ಮುದುಕಿ ಕ್ಷಮಿಸು ಎಂದು ಕೈ ಮುಗಿದಾಗ, ಆಗಲಮ್ಮ, ಕ್ಷಮಿಸಿದೆ ಎಂದಷ್ಟೇ ಹೇಳಿ ಎದ್ದು ಬಂದಿರುತ್ತೇನೆ. ನನ್ನನ್ನು ನಾನು ಬಲ್ಲೆ.