ಬಲಗಡೆಯ ಕತ್ತರಿ ಗುರುತು

ತೆಪ್ಪ ಮಗುಚಬಹುದಿತ್ತು, ನನಗೆ ಈಜು ಬರುವುದಿಲ್ಲ. ಚನ್ನಗಿರಿಯಿಂದ ಹೊನ್ನಾಳಿಗೆ ಹೋಗುವ ಬಸ್ಸು ನಡುದಾರಿಯಲ್ಲಿ ಕೆಟ್ಟು ನಿಲ್ಲಬಹುದಿತ್ತು. ತಕ್ಕಡಿಯ ಬ್ಯಾಟರಿ ಕೈಕೊಡಬಹುದಿತ್ತು, ಬರೆದ ಹಾಳೆ ನೀರಿಗೆ ಬೀಳಬಹುದಿತ್ತು, ಸೀಗಡಿಯ ಮುಳ್ಳು ಚುಚ್ಚಿ ಬೆರಳಲ್ಲಿ ಕೀವಾಗಬಹುದಿತ್ತು. ಮೊಸಳೆಯ ವಿಷಯವನ್ನು ಹೆಂಡತಿಗೆ ಹೇಳಿಯೇ ಇರಲಿಲ್ಲ. ಇಷ್ಟಕ್ಕೆಲ್ಲ ಹೆದರುವ ನಾನು ದೆವ್ವಕ್ಕೆ ಮಾತ್ರ ಹೆದರುತ್ತಿರಲಿಲ್ಲ. ನಂಬದವನಿಗೆ ಅದೊಂದು ಚಿಂತೆ ಕಡಿಮೆ ನೋಡಿ. ಈಗಲೂ ನಂಬುತ್ತೇನೆ ಎನ್ನಲಾರೆ. ಆದರೆ ಕೆಲವು ವರ್ಷದ ಹಿಂದಿನ ಆ ಬೆಳಗನ್ನು ಬರೆಯದೆ ವಿಧಿಯಿಲ್ಲ.

ಮೀನುಗಾರಿಕೆ ಇಲಾಖೆಯಲ್ಲಿ ನನ್ನದು ಸೀಗಡಿ ಎಣಿಸುವ ಕೆಲಸ. ವಯಸ್ಸಿದ್ದಾಗ ಆಳ ಸಮುದ್ರದ ದೋಣಿಗಳಲ್ಲಿ ವಾಂತಿ ಮಾಡಿಕೊಳ್ಳುತ್ತಲೇ ಈ ವಿದ್ಯೆ ಕಲಿತೆ. ಸಮುದ್ರವಾಗಲಿ ಹೊಳೆಯಾಗಲಿ, ಪ್ರಶ್ನೆ ಒಂದೇ: ಎಷ್ಟಿದೆ, ಎಷ್ಟು ಹಿಡಿದರೆ ಮುಂದಿನ ವರ್ಷಕ್ಕೂ ಉಳಿಯುತ್ತದೆ? ಹೊನ್ನಾಳಿಯ ಬಳಿ ತುಂಗಭದ್ರೆಯಲ್ಲಿ ಸೀಗಡಿ ಕಡಿಮೆ ಎಂದು ನಾನು ಬರೆದರೆ, ಅಲ್ಲಿ ಒಂದು ವರ್ಷ ಹಿಡಿಯುವುದು ಬಂದ್. ಹನ್ನೆರಡು ಮನೆಗಳ ಊಟದ ಪ್ರಶ್ನೆ. ಅದರಲ್ಲೊಂದು ಮನೆ ದುರ್ಗಕ್ಕನವರದು.

ಹತ್ತು ದಿನ ಮೊದಲು ಇನ್ನೂರು ಸೀಗಡಿಗಳ ಬಾಲದ ಎಡಗಡೆಯ ಎಸಳನ್ನು ತುಸು ಕತ್ತರಿಸಿ ಹೊಳೆಗೆ ಬಿಟ್ಟಿದ್ದೆ. ಮತ್ತೆ ಹಿಡಿದಾಗ ಗುರುತಿನವೇ ಹೆಚ್ಚು ಸಿಕ್ಕರೆ ಹೊಳೆಯಲ್ಲಿ ಸೀಗಡಿ ಕಡಿಮೆ. ಅಪರೂಪಕ್ಕೆ ಸಿಕ್ಕರೆ ಸಾಕಷ್ಟಿದೆ ಎಂದು ಲೆಕ್ಕ. ಕತ್ತರಿಯನ್ನು ಎಣ್ಣೆ ಸವರಿ, ಬಟ್ಟೆ ಸುತ್ತಿ, ಚನ್ನಗಿರಿಯ ಮನೆಯಲ್ಲಿ ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದ್ದೆ. ಬೀಗವನ್ನು ಎರಡು ಸಲ ಎಳೆದು ನೋಡುವುದು ನನ್ನ ಚಟ.

ಬೆಳಕು ಹರಿಯುವಾಗ ನಾನೂ ದುರ್ಗಕ್ಕನೂ ತೆಪ್ಪ ಹತ್ತಿದೆವು. ಹುಟ್ಟು ಹಾಕುತ್ತಿದ್ದವನು ದುರ್ಗಕ್ಕನ ಮೈದುನ ಬಸಣ್ಣ. "ಹಂಗೆ ಬಿಗಿಯಾಗಿ ಹಿಡ್ಕಂಡ್ರೆ ತೆಪ್ಪಕ್ಕೇ ಹೆದರಿಕೆ ಆಗ್ತೈತೆ ಸಾರ್, ಕೈ ಬಿಡ್ರಿ" ಎಂದು ನಕ್ಕ.

ಹಿಂದಿನ ಸಂಜೆ ಸೀಗಡಿ ಹಿಡಿಯಲು ಮುಳುಗಿಸಿದ್ದ ಬಿದಿರಿನ ಕೂಳಿಗಳಲ್ಲಿ ಮೊದಲನೆಯದನ್ನು ಎತ್ತಿದೆವು. ಮುಚ್ಚಳಕ್ಕೆ ನಾನೇ ಹಾಕಿದ್ದ ಗಂಟು ಹಾಗೇ ಇತ್ತು. ಒಳಗೆ ಹನ್ನೊಂದು ಸೀಗಡಿ, ಎಡಗಡೆ ಗುರುತಿನದು ಒಂದೂ ಇಲ್ಲ. ಆದರೆ ಮೊಟ್ಟೆ ಹೊತ್ತ ನಾಲ್ಕು ಹೆಣ್ಣುಗಳ ಬಾಲ ಬಲಗಡೆ ಕತ್ತರಿಸಿತ್ತು. ನಾನು ಬಲಗಡೆ ಒಂದನ್ನೂ ಮುಟ್ಟಿರಲಿಲ್ಲ. ಹಳೆಯ ಗಾಯವಾದರೆ ಅಂಚು ಕಪ್ಪಾಗುತ್ತದೆ. ಇವು ಆಗಷ್ಟೇ ಕತ್ತರಿಸಿದಂತೆ ಬೆಳ್ಳಗಿದ್ದವು.

ದುರ್ಗಕ್ಕ ಒಂದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. "ಇದು ನಮ್ಮ ಯಜಮಾನ್ರ ಕೈ" ಎಂದರು.

ಅವರ ಗಂಡ ತೀರಿಕೊಂಡು ಮೂರು ವರ್ಷವಾಗಿತ್ತು. ಮೊಟ್ಟೆ ಹೊತ್ತ ಸೀಗಡಿ ಸಿಕ್ಕರೆ ಅವರು ಬಾಲವನ್ನು ಬಲಗಡೆ ಓರೆಯಾಗಿ ಕತ್ತರಿಸಿ ಬಿಡುತ್ತಿದ್ದರಂತೆ. ಆ ಗುರುತಿನ ಬಸುರಿಯನ್ನು ಮುಂದೆ ಯಾರೂ ಹಿಡಿಯಬಾರದು ಎಂದು. "ಅವ್ರು ಹೋದ ಮ್ಯಾಲೆ ಯಾರೂ ಮಾಡಿಲ್ರೀ. ಎಲ್ಲಾ ಬುಟ್ಟಿಗೇ."

ಸೀಗಡಿ ಅಷ್ಟು ವರ್ಷ ಬದುಕುವುದಿಲ್ಲ. ಬದುಕಿದರೂ ಪೊರೆ ಬಿಡುತ್ತಾ ಬಿಡುತ್ತಾ ಬಾಲ ಮತ್ತೆ ಬೆಳೆಯುತ್ತದೆ. ದುರ್ಗಕ್ಕನ ಮೇಲೆಯೇ ಅನುಮಾನಪಡೋಣವೆಂದರೆ, ಆ ಹತ್ತು ದಿನವೂ ಅವರು ಮಗಳ ಬಾಣಂತನಕ್ಕೆಂದು ಜಗಳೂರಿನಲ್ಲಿದ್ದು, ಹಿಂದಿನ ರಾತ್ರಿಯ ಕೊನೆಯ ಬಸ್ಸಿಗೆ ಬಂದಿದ್ದರು. ಅಲ್ಲದೆ ಗುರುತು ಹೆಚ್ಚಾದರೆ ನಷ್ಟ ಅವರಿಗೇ.

ಬಸಣ್ಣನ ನಗು ನಿಂತಿತ್ತು. "ಇವನ್ನ ಬರ್ಕಾಬ್ಯಾಡ್ರಿ ಸಾರ್. ನಮ್ಮ ಗುಂಡಿ ನಾವೇ ತೋಡಿದಂಗೆ ಆಗ್ತೈತೆ."

"ಬಾಯಿ ಮುಚ್ಚೋ" ಎಂದರು ದುರ್ಗಕ್ಕ. "ಸಾರ್, ಕಂಡಿದ್ದು ಕಂಡಂಗೆ ಬರೀರಿ."

ನಲವತ್ತು ಕೂಳಿ ಹಾಕಿದ್ದ ಮೇಲೆ ನಲವತ್ತನ್ನೂ ಎತ್ತಲೇಬೇಕು ಎಂದು ಪಟ್ಟು ಹಿಡಿದೆ. ಎತ್ತಿದೆವು. ಎಡಗಡೆ ಗುರುತಿನವು ಒಟ್ಟು ಐದು. ಬಲಗಡೆ ಮಾತ್ರ ಮೊಟ್ಟೆ ಹೊತ್ತ ಪ್ರತಿಯೊಂದಕ್ಕೂ ಗುರುತು. ಬೇರೆ ಯಾವುದಕ್ಕೂ ಇಲ್ಲ.

ಎರಡನ್ನೂ ಬೇರೆ ಬೇರೆಯಾಗಿ ಬರೆದೆ. ಬಲಗಡೆಯ ಸಾಲಿನ ಮುಂದೆ "ಯಾರು ಕತ್ತರಿಸಿದ್ದು ತಿಳಿದಿಲ್ಲ" ಎಂದು ಸೇರಿಸಿದೆ. ಮೇಲಿನವರು ನಕ್ಕು, ಆ ಸಾಲು ತೆಗೆಯಿರಿ ಎಂದರು. ಜೀವಮಾನದಲ್ಲಿ ಮೊದಲ ಬಾರಿ ಮೇಲಿನವರಿಗೆ ಆಗುವುದಿಲ್ಲ ಎಂದೆ. ಕೊನೆಗೆ ಎಡಗಡೆಯ ಐದನ್ನೇ ಲೆಕ್ಕಕ್ಕೆ ಹಿಡಿದು, ಹೊಳೆಯಲ್ಲಿ ಸೀಗಡಿ ಸಾಕಷ್ಟಿದೆ ಎಂದು ಹಿಡಿಯಲು ಒಪ್ಪಿಗೆ ಕೊಟ್ಟರು. ಮೊಟ್ಟೆ ಹೊತ್ತವನ್ನು ಬಲಗಡೆ ಗುರುತು ಮಾಡಿ ಬಿಡಬೇಕೆಂಬ ಷರತ್ತೂ ಬಂತು. ಈಗ ಆ ಗುರುತಿಗೆ ಕತ್ತರಿ ಹಿಡಿಯುವವರು ದುರ್ಗಕ್ಕ.

ಅಂದು ತೆಪ್ಪ ಮಗುಚಲಿಲ್ಲ. ಬ್ಯಾಟರಿ ಕೈಕೊಡಲಿಲ್ಲ, ಮೊಸಳೆ ನನ್ನತ್ತ ತಿರುಗಿಯೂ ನೋಡಲಿಲ್ಲ. ಎಣಿಕೆಗೆ ಕತ್ತರಿ ಬೇಡವಾದ್ದರಿಂದ ಪೆಟ್ಟಿಗೆಯನ್ನು ಒಯ್ದಿರಲೂ ಇಲ್ಲ. ಸಂಜೆ ಮನೆಗೆ ಬಂದು ಬೀಗವನ್ನು ಎರಡು ಸಲ ಎಳೆದು ನೋಡಿದೆ, ಭದ್ರವಾಗಿತ್ತು. ತೆಗೆದು ಬಟ್ಟೆ ಬಿಚ್ಚಿದೆ. ಎಣ್ಣೆ ಸವರಿಟ್ಟ ಕತ್ತರಿಗೆ, ಹೊಳೆ ನೀರಲ್ಲಿ ನೆನೆದಂತೆ, ತುಕ್ಕು ಹಿಡಿದಿತ್ತು.