ವಿಭೂತಿ ಹಚ್ಚಿದ ಸಿಡಿಗಳು

ತೆಲಂಗಾಣ ಚಳವಳಿಯ ಬಂದ್‌ಗಳ ಕಾಲ. ಜಹೀರಾಬಾದಿನ ಒಂದು ಮಣ್ಣು ಪರೀಕ್ಷೆಯ ಕಚೇರಿಯಲ್ಲಿ ನಾನು ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ಯಾವಾಗ ಏನಾಗುತ್ತದೋ ಎಂದು ನಮ್ಮ ಸಾಹೇಬರು ಮಹಾ ಯೋಜನೆಯೊಂದನ್ನು ಹಾಕಿದರು. ಪ್ರತಿ ಸೋಮವಾರ ಎಲ್ಲ ಹೊಲಗಳ ಮಾಹಿತಿಯನ್ನು ಮೂರು ಸಿಡಿಗಳಿಗೆ ಇಳಿಸಿ, ಒಂದನ್ನು ಇಲ್ಲಿಟ್ಟು, ಉಳಿದೆರಡನ್ನು ನಾರಾಯಣಖೇಡ ಮತ್ತು ತಾಂಡೂರಿನ ಶಾಖೆಗಳಿಗೆ ಬಸ್ಸಿನಲ್ಲಿ ಕಳಿಸಬೇಕು. ಶಿವಭಕ್ತರಾದ ಅವರು ಪ್ರತಿ ಸಿಡಿಯ ಹೊಳೆಯುವ ಮೈಗೆ ಮೂರು ಬೆರಳಿನಿಂದ ವಿಭೂತಿ ಎಳೆದೇ ಲಕೋಟೆಗೆ ಹಾಕುತ್ತಿದ್ದರು. ಬೇಡ ಎನ್ನುವಷ್ಟು ನಾಸ್ತಿಕ ನಾನಲ್ಲ, ನನಗೆ ನೌಕರಿ ಬೇಕಿತ್ತು.

ಒಂದು ದಿನ ಹಾರ್ಡ್‌ಡಿಸ್ಕ್ ಕೈಕೊಟ್ಟಿತು. ಬಂದ್ ಮುಗಿದು ಬಸ್ಸು ಬಿಟ್ಟ ಮೇಲೆ ಮೂರೂ ಊರಿನ ಸಿಡಿಗಳು ನನ್ನ ಮೇಜಿಗೆ ಬಂದವು. ಒಣಗಿದ ವಿಭೂತಿಯನ್ನು ಒರೆಸಿದಷ್ಟೂ ಗೀರು ಬಿದ್ದು ಒಂದೂ ತೆರೆಯಲಿಲ್ಲ. ಪುಣ್ಯ ಮಾತ್ರ ಮೂರು ಕಡೆ ಭದ್ರವಾಗಿತ್ತು.

ತನ್ನ ಹೊಲದ ವರದಿಗೆಂದು ಬಂದು ಕಾಯುತ್ತಿದ್ದ ಪಸ್ತಾಪುರದ ಮುದುಕಿ ಎಲ್ಲವನ್ನೂ ನೋಡಿ ಸಾಹೇಬರನ್ನು ಕೇಳಿದಳು:

"ನಾವು ಕಟ್ಟಿಟ್ಟ ಬೀಜ ಬಿತ್ತೂ ಮೊದಲ ನಾಕು ಕಾಳು ಹಸಿ ಅರಿವ್ಯಾಗ ಕಟ್ಟಿ, ಮೊಳಕಿ ಬರ್ತದೇನಂತ ನೋಡ್ತೀವ್ರಿ. ನೀವು ಇಷ್ಟ್ ದಿನದಾಗ ಒಂದನ್ನರ ತೆರದು ನೋಡಿದ್ರೇನ್ರಿ?"